ದೊಡ್ಡಕ್ಷರದ ಕಾಟ ಕನ್ನಡಕ್ಕೇಕೆ?

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಗಾಂಧೀಜಿಗೂ ಗಾಣದೆತ್ತಿಗೂ ಒಂದೇ ‘ಗ’. ಆದರೂ ಲಾಗಿನ್ ಹೆಸರು, ಪಾಸ್‌ವರ್ಡ್ ಬರೆಯುವಾಗ ನಾವೆಲ್ಲ ಈ ಭೇದದ ಕೈಗೆ ಸಿಕ್ಕಿ ಬೈಸಿಕೊಳ್ಳುತ್ತೇವೆ. ಇದರ ಚರಿತ್ರೆ ಸ್ವಾರಸ್ಯವಾಗಿದೆ.

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಅಮೆರಿಕದಲ್ಲಿ 1963ರಲ್ಲಿ ಹೊರಬಂದ ‘ಆಸ್ಕಿ’ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಷ್ಟೇ ಇದ್ದವು. ಚಿಕ್ಕವು ಸೇರಿದ್ದು 1967ರಲ್ಲಿ. ದೊಡ್ಡ ‘ಎ’ 65 ಆದರೆ ಚಿಕ್ಕದು 97. ಯಾವ ಅಕ್ಷರ ತೆಗೆದುಕೊಂಡರೂ ಅಂತರ 32, ಅಂದರೆ ಒಂದೇ ಒಂದು ಬಿಟ್. ಅಂದಿನ ಟೆಲಿಟೈಪ್ ಮಾಡೆಲ್ 33 ಯಂತ್ರ ಚಿಕ್ಕಕ್ಷರವನ್ನು ಮುದ್ರಿಸುತ್ತಲೇ ಇರಲಿಲ್ಲ. ಆದ್ದರಿಂದ ಯಾರಾದರೂ ಲಾಗಿನ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕೊಟ್ಟರೆ, ‘ಪಾಪ, ಇವರ ಯಂತ್ರವೇ ಅಂಥದ್ದು’ ಎಂದುಕೊಂಡು ಹಳೆಯ ಯುನಿಕ್ಸ್ ಮುಂದಿನದನ್ನೆಲ್ಲ ಚಿಕ್ಕಕ್ಷರವೆಂದೇ ಓದಿಕೊಳ್ಳುತ್ತಿತ್ತು. ಇಂದಿನ ಯಂತ್ರಗಳಿಗೆ ಅಷ್ಟು ದಾಕ್ಷಿಣ್ಯವಿಲ್ಲ!

ಮುಂದೆ ಬಂದ ಡೇಟಾಬೇಸ್‌ಗಳದು ಒಂದೊಂದು ರೀತಿ. ಆರಕಲ್, ಪೋಸ್ಟ್‌ಗ್ರೆಸ್ ಮಡಿವಂತರು. ದೊಡ್ಡದು ಬೇರೆ, ಚಿಕ್ಕದು ಬೇರೆ. ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್ ಎರಡನ್ನೂ ಒಂದೇ ಎನ್ನುತ್ತದೆ. ನಾವು ಬೇರೆ ಹೇಳದಿದ್ದರೆ ಅದು ಸ್ವೀಡಿಷ್ ಭಾಷೆಯ ಅಕ್ಷರಕ್ರಮವನ್ನೇ ಹಿಡಿಯುತ್ತಿತ್ತು. ಈ ಪದ್ಧತಿ 2018ರವರೆಗೂ ನಡೆಯಿತು.

ಕನ್ನಡಕ್ಕೆ ಪೆಟ್ಟು ಬಿದ್ದದ್ದು ಇಲ್ಲಿಯೇ. ತೊಂಬತ್ತರ ದಶಕದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇರಿಸಿದ್ದವು. ಆ ಪದ್ಧತಿಯನ್ನು ಮುಂದುವರಿಸಿದ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ‘ಚ’ ಇರುವುದು ದೊಡ್ಡ ಝಡ್ (ನಮ್ಮ ಮಕ್ಕಳ ‘ಜೀ’!) ಮನೆಯಲ್ಲಿ, ‘ದ’ ಇರುವುದು ಚಿಕ್ಕ ಝಡ್ ಮನೆಯಲ್ಲಿ. ಎರಡೂ ಒಂದೇ ಎನ್ನುವ ಡೇಟಾಬೇಸಿಗೆ ಹಾಗೆಯೇ ತುಂಬಿಸಿದರೆ ‘ದೂರು’ ಮತ್ತು ‘ಚೂರು’ ಒಂದೇ ಪದ. ಇಲ್ಲದ ದೊಡ್ಡಕ್ಷರದ ರೋಗ ಕನ್ನಡಕ್ಕೆ ಅಂಟಿದ್ದು ಹೀಗೆ.

ಔಷಧಿ ಬಂದದ್ದು ಯುನಿಕೋಡ್ ರೂಪದಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ‘ಕ’ ಈಗ 3221. ಮರುವರ್ಷ ನ್ಯೂಜೆರ್ಸಿಯ ಊಟದಂಗಡಿಯೊಂದರಲ್ಲಿ, ತಟ್ಟೆಯ ಕೆಳಗಿನ ಕಾಗದದ ಮೇಲೆ ಕೆನ್ ಥಾಂಪ್ಸನ್ ಯುಟಿಎಫ್-8 ಕ್ರಮವನ್ನು ಗೀಚಿದರು; ಜೊತೆಗಿದ್ದವರು ರಾಬ್ ಪೈಕ್. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ‘ಕೃಷ್ಣ’ ಕಣ್ಣಿಗೆ ಎರಡೇ ಅಕ್ಷರ, ಯಂತ್ರಕ್ಕೆ ಐದು ಚಿಹ್ನೆ, ಹದಿನೈದು ಬೈಟ್. ಬೈಟ್ ಲೆಕ್ಕದಲ್ಲಿ ಹತ್ತರ ಅಂಕಣ ಮಾಡಿಟ್ಟರೆ ಕೃಷ್ಣನಿಗೇ ಜಾಗವಿಲ್ಲ.

ಇನ್ನೊಂದು ತೊಡಕೂ ಇದೆ. ‘ಗೋಪಾಲ’ದ ‘ಗೋ’ ಬರೆಯಲು ಓಕಾರದ ಒಂದೇ ಚಿಹ್ನೆ ಸಾಕು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರಾಗಿ ಬಿಡಿಸಿ ಬರೆದರೂ ಪರದೆಯ ಮೇಲೆ ಅದೇ ‘ಗೋ’. ಹಾಗೇ ಹೋಲಿಸುವ ಡೇಟಾಬೇಸಿಗೆ ಮಾತ್ರ ಇವರು ಇಬ್ಬರು ಗೋಪಾಲರು. ಇಬ್ಬರು ರೋಗಿಗಳ ಕಡತ ಒಂದಾದರೆ ಎಷ್ಟು ಅಪಾಯವೋ, ಒಬ್ಬರ ಕಡತ ಎರಡಾದರೂ ಅಷ್ಟೇ ಅಪಾಯವೆಂದು ವೈದ್ಯವೃತ್ತಿಯ ನಾವು ಬಲ್ಲೆವು.

ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡಿನಲ್ಲಿದೆ. ಲಾಗಿನ್ ಹೆಸರುಗಳಿಗೆ ಅದನ್ನು ಅನ್ವಯಿಸಬೇಕೆಂದು 2017ರ ಇಂಟರ್ನೆಟ್ ಮಾನದಂಡವೊಂದು ಹೇಳುತ್ತದೆ. ಸಂಘದ ಸದಸ್ಯರ ಪಟ್ಟಿಯನ್ನು ಕನ್ನಡದಲ್ಲಿ ಮಾಡಲು ಹೊರಡುವ ತರುಣ ಮಿತ್ರರು ಮೊದಲು ಗೋಪಾಲನನ್ನು ಎರಡೂ ಬಗೆಯಲ್ಲಿ ಬರೆದು ನೋಡಲಿ.