ಹಳೆಯ ಶಾಲಾ ವ್ಯಾನಿಗೆ ಬಳಸಿದ ಸ್ಟಿಯರಿಂಗ್ ರ‍್ಯಾಕ್: ಹೊಂದುವುದನ್ನು ಆರಿಸುವ ಬಗೆ

ಗಡಿನಾಡಿನಲ್ಲಿ ಕನ್ನಡ ಮಾಧ್ಯಮ ಶಾಲೆ ಎಲ್ಲರ ಮನೆಯ ಹತ್ತಿರ ಇರುವುದಿಲ್ಲ. ಪಕ್ಕದ ಅನ್ಯ ಮಾಧ್ಯಮದ ಶಾಲೆಯನ್ನು ದಾಟಿ ದೂರದ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳಿಗೆ ವ್ಯಾನೇ ಆಧಾರ. ಅದು ಎರಡು ವಾರ ನಿಂತರೆ ಏನಾಗುತ್ತದೆಂಬುದು ಹಾಜರಿ ಪುಸ್ತಕ ಹಿಡಿದ ಶಿಕ್ಷಕರೆಲ್ಲರಿಗೂ ಗೊತ್ತು. ಹಾಗೆಂದು ಸ್ಟಿಯರಿಂಗ್ ಸಡಿಲವಾದ ವ್ಯಾನಿನಲ್ಲಿ ಮಕ್ಕಳನ್ನು ಕೂರಿಸಲೂ ಆಗದು. ಹೊಸ ರ‍್ಯಾಕಿಗೆ ಹಣ ಸಾಲದಾಗ ಬಳಸಿದ ರ‍್ಯಾಕನ್ನು ಎಚ್ಚರದಿಂದ ಆರಿಸುವ ಕ್ರಮವನ್ನು, ಮಾರುತಿ ಓಮ್ನಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ರ‍್ಯಾಕ್ ಎಂದರೇನು?

ಚಾಲಕನು ಸ್ಟಿಯರಿಂಗ್ ತಿರುಗಿಸಿದಾಗ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ತಿರುಗಿ, ಹಲ್ಲುಗಳುಳ್ಳ ಉದ್ದನೆಯ ಸರಳೊಂದನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಆ ಸರಳೇ ರ‍್ಯಾಕ್. ಅದರ ಎರಡು ತುದಿಗಳ ಟೈ ರಾಡುಗಳು ಮುಂದಿನ ಗಾಲಿಗಳನ್ನು ಹೊರಳಿಸುತ್ತವೆ. ಅನೇಕ ಮೆಕ್ಯಾನಿಕರು ಇಡೀ ಜೋಡಣೆಯನ್ನು ‘ಸ್ಟಿಯರಿಂಗ್ ಬಾಕ್ಸ್’ ಎನ್ನುತ್ತಾರೆ. ಹಳೆಯ ಜೀಪು, ಲಾರಿಗಳಲ್ಲಿ ಅದೇ ಹೆಸರಿನ ಬೇರೆಯೇ ರಚನೆಯಿದೆ. ಆದುದರಿಂದ ಅಂಗಡಿಯಲ್ಲಿ ಹೆಸರು ಹೇಳಿದರೆ ಸಾಲದು, ಕಳಚಿದ ಭಾಗವನ್ನೇ ತೋರಿಸಬೇಕು.

ದೋಷ ರ‍್ಯಾಕಿನದೇ?

ನಿಂತ ವ್ಯಾನಿನಲ್ಲಿ ಗಾಲಿ ಕದಲದಂತೆ ಸ್ಟಿಯರಿಂಗನ್ನು ಮೆಲ್ಲನೆ ಅತ್ತಿತ್ತ ಆಡಿಸಿ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಈ ಸಡಿಲ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗಿರುವಷ್ಟೇ ಅದರ ಅಳತೆ. ಟೈ ರಾಡ್ ಎಂಡ್, ಗಾಲಿಯ ಬೇರಿಂಗ್, ಕಾಲಮ್ಮಿನ ಜಾಯಿಂಟ್, ರ‍್ಯಾಕ್ ಹಿಡಿದಿರುವ ಬುಷ್, ಇವುಗಳಲ್ಲಿ ಯಾವುದು ಸವೆದರೂ ಸಡಿಲ ಕಾಣಿಸುತ್ತದೆ. ಇವನ್ನು ಪರೀಕ್ಷಿಸಿದ ಬಳಿಕವೇ ರ‍್ಯಾಕಿನತ್ತ ಕೈ ಹಾಕುವುದು ಲೇಸು.

ಹೊಂದಾಣಿಕೆಯ ಅಳತೆಗಳು

1984ರಲ್ಲಿ ‘ಮಾರುತಿ ವ್ಯಾನ್’ ಆಗಿ ಬಂದು, ಮುಂದೆ ಓಮ್ನಿ ಎನಿಸಿಕೊಂಡ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಇಷ್ಟು ದೀರ್ಘ ಅವಧಿಯ ವಾಹನದಲ್ಲಿ ಹೊರರೂಪ ಒಂದೇ ಎಂಬ ಕಾರಣಕ್ಕೆ ಒಳಭಾಗವೂ ಒಂದೇ ಎನ್ನಲಾಗದು. ಮಾರುತಿ 800 ಕಾರಿಗೂ ಓಮ್ನಿಗೂ 796 ಸಿಸಿ ಎಂಜಿನ್ ಇದ್ದರೂ, ಎಂಜಿನ್ನಿನ ಸಾಮ್ಯ ಸ್ಟಿಯರಿಂಗಿನ ಸಾಮ್ಯಕ್ಕೆ ಸಾಕ್ಷಿಯಲ್ಲ.

ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ತಯಾರಿಕೆಯ ತಿಂಗಳು, ವರ್ಷ ತಿಳಿಸಿದರೆ ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಪಾರ್ಟ್ ನಂಬರ್ ದೊರೆಯುತ್ತದೆ. ಅದನ್ನು ಬರೆದುಕೊಂಡು, ಹಳೆಯ ರ‍್ಯಾಕಿನ ಪಕ್ಕದಲ್ಲಿ ಕೊಳ್ಳಬೇಕೆಂದಿರುವುದನ್ನಿಟ್ಟು ಇವನ್ನು ತಾಳೆ ನೋಡಿ:

1. ರ‍್ಯಾಕಿನ ಒಟ್ಟು ಉದ್ದ.
2. ಬಾಡಿಗೆ ಬಿಗಿಯುವ ಜಾಗಗಳ ನಡುವಿನ ಅಂತರ.
3. ಪಿನಿಯನ್ ದಂಡದ ದಪ್ಪ, ಅದರ ಗೀರುಹಲ್ಲುಗಳ ಎಣಿಕೆ.
4. ಟೈ ರಾಡಿನ ಮರೆಯ ದಪ್ಪ ಮತ್ತು ಅಂತರ. ನಟ್ ಕೈಯಿಂದಲೇ ಸರಾಗವಾಗಿ ಏರಬೇಕು.
5. ಒಂದು ತುದಿಯಿಂದ ಇನ್ನೊಂದು ತುದಿಗೆ ಪಿನಿಯನ್ ಸುತ್ತುವ ಸುತ್ತುಗಳ ಎಣಿಕೆ.

ಇವುಗಳಲ್ಲಿ ಒಂದು ವ್ಯತ್ಯಾಸವಾದರೂ ಅದು ನಿಮ್ಮ ವ್ಯಾನಿನದಲ್ಲ. ತೂತು ದೊಡ್ಡದು ಮಾಡಿ, ವೆಲ್ಡಿಂಗ್ ಮಾಡಿ ‘ಹೊಂದಿಸಿ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಕೂಡದು.

ಗುಜರಿಯಲ್ಲಿ ಪರೀಕ್ಷೆ

ಹೊಸೂರು ಕಡೆಯವರಿಗೆ ಬೆಂಗಳೂರಿನ ಶಿವಾಜಿನಗರ ಹತ್ತಿರ. ತಮಿಳುನಾಡಿನೊಳಗೆ ಚೆನ್ನೈನ ಪುದುಪೇಟೆ ಹಳೆಯ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಎಲ್ಲಿ ಕೊಂಡರೂ ಬಿಲ್ಲು ಪಡೆಯಿರಿ. ಅಪಘಾತದಲ್ಲಿ ಮುಂಭಾಗ ಜಖಂಗೊಂಡ ವಾಹನದ ರ‍್ಯಾಕನ್ನು ಕೊಳ್ಳಬೇಡಿ.

ರಬ್ಬರಿನ ಬೂಟನ್ನು ಸರಿಸಿ ಒಳಗೆ ನೋಡಿ. ತುಕ್ಕು, ಗೀರು, ನೀರು ಬೆರೆತ ಗ್ರೀಸ್ ಕಂಡರೆ ಬಿಟ್ಟುಬಿಡಿ. ಬಳಿಕ ಪಿನಿಯನ್ನನ್ನು ಕೈಯಿಂದ ಎರಡೂ ತುದಿಯವರೆಗೆ ತಿರುಗಿಸಿ. ವಾಹನ ಬಹುಪಾಲು ನೇರವಾಗಿ ಓಡುವುದರಿಂದ ನಡುಭಾಗದ ಹಲ್ಲುಗಳೇ ಹೆಚ್ಚು ಸವೆಯುತ್ತವೆ. ಈ ಸವೆತವನ್ನು ಮರೆಮಾಚಲು ಹೊಂದಾಣಿಕೆಯ ಸ್ಕ್ರೂ ಬಿಗಿದಿದ್ದರೆ ನಡುವೆ ಸರಿಯೆನಿಸಿ ತುದಿಗಳತ್ತ ಹಿಡಿದುಕೊಳ್ಳುತ್ತದೆ. ಅಂಥದ್ದು ತಿರುವಿನಲ್ಲಿ ಕೈಕೊಡುವ ರ‍್ಯಾಕ್.

ಜೋಡಿಸಿದ ಮೇಲೆ

ರ‍್ಯಾಕ್ ಮತ್ತು ಸ್ಟಿಯರಿಂಗ್ ಎರಡನ್ನೂ ಸರಿಯಾಗಿ ನಡುವಿಗೆ ತಂದು ಜೋಡಿಸಬೇಕು. ಬೂಟು, ಬುಷ್, ಸ್ಪ್ಲಿಟ್ ಪಿನ್ನುಗಳು ಹೊಸವಾಗಿರಲಿ. ವ್ಹೀಲ್ ಅಲೈನ್‌ಮೆಂಟ್ ಮಾಡಿಸದೆ ವ್ಯಾನನ್ನು ಓಡಿಸಬಾರದು. ಮಕ್ಕಳಿಲ್ಲದೆ ಕೆಲವು ದಿನ ಓಡಿಸಿ, ಎಲ್ಲ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಿಸಿ.

ರಕ್ಷಕ-ಶಿಕ್ಷಕ ಸಂಘದವರು ಪಾರ್ಟ್ ನಂಬರ್, ಬಿಲ್ಲು, ಜೋಡಿಸಿದ ದಿನಾಂಕಗಳನ್ನು ಶಾಲೆಯ ಕಡತದಲ್ಲಿಟ್ಟರೆ ಮುಂದಿನ ಬಾರಿ ಅಲೆದಾಟ ತಪ್ಪುತ್ತದೆ. ಹೊಂದುವ ರ‍್ಯಾಕ್ ಸಿಗದಿದ್ದಲ್ಲಿ ಪೋಷಕರೆಲ್ಲ ಕೂಡಿ ಹೊಸದನ್ನೇ ಕೊಳ್ಳುವುದು ಉಚಿತ. ಅಲ್ಲಿಯವರೆಗೆ ಬಾಡಿಗೆ ವಾಹನದ ವ್ಯವಸ್ಥೆಯಾಗಲಿ. ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವ ತಾಯ್ತಂದೆಯರು ನಮ್ಮ ಮೇಲಿಟ್ಟಿರುವ ನಂಬಿಕೆಯಲ್ಲಿ, ಆ ಮಗು ಸಂಜೆ ಸುರಕ್ಷಿತವಾಗಿ ಮನೆ ಸೇರುವುದೂ ಸೇರಿದೆ.