28 ವಿಶ್ವ ಪ್ರಶಸ್ತಿ, ಆದ್ರೂ ಹೆಸರು ಗೊತ್ತಿಲ್ವಾ?

ಬಸವನಗುಡಿಯಿಂದ ಮಾತಾಡ್ತಾ ಇದೀನಿ. ಮೊನ್ನೆ ಗಾಂಧಿ ಬಜಾರಲ್ಲಿ ಕಾಫಿ ಕುಡೀತಾ ಫ್ರೆಂಡ್ಸ್‌ನ ಕೇಳ್ದೆ: 28 ವಿಶ್ವ ಪ್ರಶಸ್ತಿ ಗೆದ್ದಿರೋ ಬೆಂಗಳೂರಿಗ ಯಾರು? ಒಬ್ರೂ ಹೇಳ್ಲಿಲ್ಲ.

ಪಂಕಜ್ ಅಡ್ವಾಣಿ. 1985ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಆಟದಲ್ಲಿ ಪಳಗಿದ್ದು ಇಲ್ಲಿ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಹತ್ರ. 2003ರಲ್ಲಿ, 18ನೇ ವಯಸ್ಸಿಗೇ, ಚೀನಾದಲ್ಲಿ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಗೆದ್ರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಟೈಮ್, ಪಾಯಿಂಟ್ಸ್ ಎರಡೂ ಪ್ರಶಸ್ತಿ. ಟೇಬಲ್ ಒಂದೇ, ಆಟ ಬೇರೆ: ಸ್ನೂಕರ್‌ಗೆ 22 ಚೆಂಡು, ಬಿಲಿಯರ್ಡ್ಸ್‌ಗೆ ಮೂರೇ. ಎರಡರಲ್ಲೂ ವಿಶ್ವ ಚಾಂಪಿಯನ್ ಆಗೋರು ತೀರಾ ಅಪರೂಪ.

2012ರಲ್ಲಿ ಪ್ರೊಫೆಷನಲ್ ಸ್ನೂಕರ್ ಟೂರ್‌ಗೆ ಸೇರಿದ್ರು. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ರು. 2014ರಲ್ಲಿ ಟೂರ್ ಬಿಟ್ಟು ವಾಪಸ್ ಬಂದ್ರು. ದುಡ್ಡು, ಟಿವಿ ಎಲ್ಲ ಇರೋದು ಅಲ್ಲೇ. ಅವರೂ ಬಿ.ಕಾಂ., ನಾನೂ ಬಿ.ಕಾಂ.; ಲೆಕ್ಕದ ಪುಸ್ತಕದಲ್ಲಿ ಇದು ನಷ್ಟವೇ. ‘ಐಬಿಎಸ್‌ಎಫ್ ಅಂದ್ರೆ ಅಮೆಚೂರ್ ತಾನೇ’ ಅನ್ನೋ ಮಾತೂ ತಪ್ಪಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 2006, 2010ರಲ್ಲಿ ಚಿನ್ನ ಗೆದ್ರು, ಆಮೇಲೆ ಆ ಆಟಾನೇ ಗೇಮ್ಸ್‌ನಿಂದ ಹೋಯ್ತು.

ಆದ್ರೂ ಅವರು ನಿಲ್ಲಿಸ್ಲಿಲ್ಲ. 28ನೇದು ಬಂದಿದ್ದು 2024ರ ನವೆಂಬರಲ್ಲಿ, ದೋಹಾದಲ್ಲಿ. ಮೊದಲನೇದಕ್ಕೂ ಇದಕ್ಕೂ 21 ವರ್ಷದ ಅಂತರ. ನೋಡೋರು ಕಮ್ಮಿ ಇದ್ದಾಗ್ಲೂ ಅಷ್ಟು ವರ್ಷ ಅದೇ ಮಟ್ಟದಲ್ಲಿ ಆಡೋದು, ನನ್ನ ಪ್ರಕಾರ, ಅದೇ ದೊಡ್ಡ ದಾಖಲೆ.

ಮುಂದಿನ ಸಲ ಯಾರಾದ್ರೂ ಕೇಳಿದ್ರೆ, ಹೆಸರು ಹೇಳಿ.