ವೆಬ್ ಸೇವೆಯ ಮಾನಕದಲ್ಲಿ ನಿರ್ವಹಣಾ ಕಾರ್ಯಗಳ ಸ್ಥಾನ

ಭೂಪಟ ಹಾಗೂ ಭೂಮಾಹಿತಿಯನ್ನು ಅಂತರ್ಜಾಲದ ಮೂಲಕ ಒದಗಿಸುವ ಸೇವೆಗಳಿಗೆ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಮಾನಕಗಳನ್ನು ರೂಪಿಸುತ್ತದೆ. ಒಂದು ಸಂಸ್ಥೆಯ ತಂತ್ರಾಂಶದಿಂದ ಬರುವ ಕೋರಿಕೆಗೆ ಮತ್ತೊಂದು ಸಂಸ್ಥೆಯ ಸರ್ವರ್ ಉತ್ತರಿಸುವಂತಾಗಬೇಕೆಂಬುದೇ ಇವುಗಳ ಉದ್ದೇಶವಾಗಿದೆ. ಮಾಹಿತಿಯನ್ನು ಪಡೆಯುವ ವಿಧಾನವನ್ನು ಮಾತ್ರ ಮಾನಕವು ವಿಧಿಸಬೇಕೇ ಅಥವಾ ಮಾಹಿತಿಯ ತಿದ್ದುಪಡಿ ಹಾಗೂ ಸೇವೆಯ ಆಡಳಿತವನ್ನೂ ಒಳಗೊಳ್ಳಬೇಕೇ ಎಂಬುದು ಈ ಮಾನಕಗಳ ವಿಷಯದಲ್ಲಿ ಮರಳಿ ಮರಳಿ ಏಳುವ ಪ್ರಶ್ನೆಯಾಗಿದೆ.

ಭೂಪಟದ ಚಿತ್ರವನ್ನು ನೀಡುವ ವೆಬ್ ಮ್ಯಾಪ್ ಸರ್ವಿಸ್ ಮಾನಕವು (2005ರಲ್ಲಿ ಐ.ಎಸ್.ಓ. 19128 ಆಗಿ ಪ್ರಕಟಿತ) ಮೂರೇ ಕಾರ್ಯಗಳನ್ನು ಹೊಂದಿದೆ: ಸೇವೆಯ ವಿವರ ಕೇಳುವುದು, ಚಿತ್ರ ಪಡೆಯುವುದು, ಚಿತ್ರದಲ್ಲಿನ ಒಂದು ಬಿಂದುವಿನ ಮಾಹಿತಿ ಕೇಳುವುದು. ಮೂರನೆಯದು ಐಚ್ಛಿಕ. ಮಾನಕವು ಇಷ್ಟು ಚಿಕ್ಕದಾಗಿರುವುದರಿಂದಲೇ ಅದರ ಅಳವಡಿಕೆ ಸುಲಭವಾಯಿತೆನ್ನಬಹುದು.

ವೆಬ್ ಫೀಚರ್ ಸರ್ವಿಸ್ ಮಾನಕದ (2002) ರೀತಿ ಬೇರೆ. ಇದರಲ್ಲಿ ದತ್ತಾಂಶವನ್ನು ಸೇರಿಸುವ, ಬದಲಿಸುವ, ಅಳಿಸುವ ವ್ಯವಹಾರ ಕಾರ್ಯವನ್ನು ಐಚ್ಛಿಕವಾಗಿ ಸೇರಿಸಲಾಯಿತು. ಇಬ್ಬರು ಒಂದೇ ದಾಖಲೆಯನ್ನು ಏಕಕಾಲಕ್ಕೆ ತಿದ್ದದಂತೆ ಬೀಗ ಹಾಕುವ ಕಾರ್ಯವನ್ನೂ ಕಲ್ಪಿಸಲಾಯಿತು. ಆದರೆ ತಿದ್ದುವ ಅಧಿಕಾರ ಯಾರಿಗಿದೆ ಎಂಬುದನ್ನು ಮಾನಕವು ನಿರ್ಧರಿಸುವುದಿಲ್ಲ. ಲೆಕ್ಕಪುಸ್ತಕವನ್ನು ಪರಿಶೀಲಿಸುವವರೂ ಅದರಲ್ಲಿ ನಮೂದು ಮಾಡುವವರೂ ಒಂದೇ ಬಾಗಿಲಿನಿಂದ ಒಳಬರುವಂತಹ ಏರ್ಪಾಡು ಇದು. ಕಾವಲು ಆಯಾ ಕಚೇರಿಯದೇ. ಸಾರ್ವಜನಿಕ ಸೇವೆಯಲ್ಲಿ ಈ ಕಾರ್ಯವನ್ನು ನಿರ್ಬಂಧವಿಲ್ಲದೆ ಬಿಟ್ಟಲ್ಲಿ ಅಪರಿಚಿತರೂ ದಾಖಲೆಯನ್ನು ಅಳಿಸಬಹುದು.

2010ರ ಆವೃತ್ತಿಯಲ್ಲಿ, ಸಿದ್ಧಪಡಿಸಿದ ಪ್ರಶ್ನೆಗಳನ್ನು ಸರ್ವರ್‌ನಲ್ಲಿ ಉಳಿಸುವ ಮತ್ತು ತೆಗೆದುಹಾಕುವ ಕಾರ್ಯಗಳನ್ನೂ ಸೇರಿಸಲಾಯಿತು. ಇದು ದತ್ತಾಂಶದ ತಿದ್ದುಪಡಿಯಲ್ಲ, ಸೇವೆಯ ಸ್ವರೂಪವನ್ನೇ ಬದಲಿಸುವ ಆಡಳಿತ ಕಾರ್ಯ. ಓದುವ ಮಾನಕದಲ್ಲಿ ಇದಕ್ಕೆ ಸ್ಥಾನ ಕಲ್ಪಿಸಿದ್ದು ಅಷ್ಟೊಂದು ಉಚಿತವೆನಿಸುವುದಿಲ್ಲ.

ಹಾಗೆಂದು ಆಡಳಿತವನ್ನು ಹೊರಗಿಡುವುದೂ ವೆಚ್ಚವಿಲ್ಲದ ಮಾರ್ಗವಲ್ಲ. ಜಿಯೋಸರ್ವರ್ ಮತ್ತು ಮ್ಯಾಪ್‌ಸರ್ವರ್ ಎಂಬ ಮುಕ್ತ ತಂತ್ರಾಂಶಗಳೆರಡೂ ಚಿತ್ರದ ಕೋರಿಕೆಗೆ ಒಂದೇ ಮಾನಕದಂತೆ ಉತ್ತರಿಸುತ್ತವೆ. ಆದರೆ ಹೊಸ ಪದರವೊಂದನ್ನು ಪ್ರಕಟಿಸಲು ಮೊದಲನೆಯದರಲ್ಲಿ ಆಡಳಿತ ಪುಟ ಅಥವಾ ಅದರದೇ ಆದ ರೆಸ್ಟ್ ಸಂಪರ್ಕವನ್ನು ಬಳಸಬೇಕು. ಎರಡನೆಯದರಲ್ಲಿ ಮ್ಯಾಪ್‌ಫೈಲ್ ಎಂಬ ಪಠ್ಯ ಕಡತವನ್ನು ಬರೆಯಬೇಕು. ಒಂದರಿಂದ ಮತ್ತೊಂದಕ್ಕೆ ಬದಲಾಯಿಸಿದಾಗ ಬಳಕೆದಾರರಿಗೆ ಹೆಚ್ಚಿನ ವ್ಯತ್ಯಾಸ ತಿಳಿಯದು. ಸಿಬ್ಬಂದಿಯು ಮಾತ್ರ ಎಲ್ಲ ಪದರಗಳನ್ನೂ ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಪದರಗಳು ನೂರಾರು ಇದ್ದಲ್ಲಿ ಇದು ಸಣ್ಣ ಕೆಲಸವಲ್ಲ.

2019ರಲ್ಲಿ ಪ್ರಕಟವಾದ ಓ.ಜಿ.ಸಿ. ಎ.ಪಿ.ಐ. ಫೀಚರ್ಸ್ ಮಾನಕದ ಮೊದಲ ಭಾಗವು ಓದುವುದಕ್ಕಷ್ಟೇ ಸೀಮಿತವಾಗಿದ್ದು, ತಿದ್ದುಪಡಿಯನ್ನು ಪ್ರತ್ಯೇಕ ಭಾಗವಾಗಿ ಕೈಗೆತ್ತಿಕೊಳ್ಳಲಾಯಿತು. ಸಾರ್ವಜನಿಕರಿಗೆ ಮಾಹಿತಿ ನೀಡುವುದಷ್ಟೇ ಉದ್ದೇಶವಾಗಿರುವ ಕಚೇರಿಯು ತನಗೆ ಬೇಡದ ಭಾಗವನ್ನು ಅಳವಡಿಸಬೇಕಾಗಿಲ್ಲವಾದ್ದರಿಂದ ಈ ವಿಭಜನೆಯೇ ಹೆಚ್ಚು ಸಮರ್ಪಕವೆನ್ನಬಹುದು.

ಟೆಂಡರ್ ದಾಖಲೆಯಲ್ಲಿ "ಮಾನಕಕ್ಕೆ ಅನುಗುಣವಾಗಿರತಕ್ಕದ್ದು" ಎಂದಷ್ಟೇ ನಮೂದಿಸಿದಲ್ಲಿ ಆಡಳಿತ ಕಾರ್ಯಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪದರಗಳ ಹೊಂದಾಣಿಕೆ, ಬಳಕೆದಾರರ ಪಟ್ಟಿ ಮತ್ತು ಅನುಮತಿಗಳ ವಿವರವನ್ನು ಓದಬಲ್ಲ ಕಡತದ ರೂಪದಲ್ಲಿ ಕಚೇರಿಗೆ ಹಸ್ತಾಂತರಿಸತಕ್ಕದ್ದೆಂಬ ಷರತ್ತನ್ನು ಪ್ರತ್ಯೇಕವಾಗಿ ಸೇರಿಸುವುದು ಅವಶ್ಯಕ.